ಏಳು ಎತ್ತಿನ ಕಣಿವೆಯಲ್ಲಿ ವೆಂಕಟಲಕ್ಷ್ಮಮ್ಮ

ವೆಂಕಟಲಕ್ಷ್ಮಮ್ಮನವರು ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮೊದಲು ಕೊಟ್ಟಿಗೆಗೆ ಹೋಗಿ, ಕರುವಿನ ಕೊರಳಿಗೂ ಅದಕ್ಕೆ ಕಟ್ಟಿದ ಹಗ್ಗಕ್ಕೂ ನಡುವೆ ತಮ್ಮ ಎರಡು ಬೆರಳು ತೂರಿಸಿ ನೋಡುತ್ತಾರೆ. ಬೆರಳು ಸಲೀಸಾಗಿ ಆಡಿದರೆ ಸರಿ, ಇಲ್ಲದಿದ್ದರೆ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಜ್ವರ ಬಂದ ದಿನವೂ, ಮಗನ ಮದುವೆಯ ದಿನವೂ, ಗಂಡ ಚಿಕ್ಕಣ್ಣನವರು ತೀರಿಕೊಂಡ ಮಾರನೆಯ ಬೆಳಿಗ್ಗೆಯೂ ಈ ಕೆಲಸ ತಪ್ಪಲಿಲ್ಲವೆಂದು ಉಲ್ಲಾಳದ ಹಳೆಯ ಮನೆಗಳವರು ಹೇಳುತ್ತಾರೆ. ಹನ್ನೊಂದು ವರ್ಷದಿಂದ ಅವರ ಮನೆಯಿಂದಲೇ ದೇವರ ಅಭಿಷೇಕಕ್ಕೆ ಹಾಲು ತರುವ ನಾನು, ಪಾತ್ರೆ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಆ ಎರಡು ಬೆರಳು ಒಳಗೆ ಹೋಗಿ ಹೊರಗೆ ಬರುವುದನ್ನು ಅದೆಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ.

ಅದರ ಕಾರಣವನ್ನು ಅವರು ಒಂದೇ ಸಲ ಹೇಳಿದವರಲ್ಲ. ಒಂದು ದಿನ ಒಂದು ಮಾತು, ಇನ್ನೊಂದು ತಿಂಗಳು ಇನ್ನೊಂದು ಮಾತು, ಹೀಗೆ ಹಾಲು ಅಳೆಯುತ್ತ ಅಳೆಯುತ್ತ ಹೇಳಿದ್ದನ್ನು ನಾನು ಜೋಡಿಸಿಕೊಂಡೆ. ಮದುವೆಯಾಗಿ ಬಂದ ಮೊದಲ ವರ್ಷ, ಹದಿನೇಳರ ವಯಸ್ಸಿನಲ್ಲಿ, ಒಂದು ಸಂಜೆ ಅವರು ಕಟ್ಟಿದ ಕರು ಗೂಟದ ಸುತ್ತ ಸುತ್ತಿಕೊಂಡು ಬೆಳಗಾಗುವಷ್ಟರಲ್ಲಿ ಉಸಿರುಗಟ್ಟಿ ಸತ್ತಿತ್ತು. "ಯಾರೂ ಒಂದು ಮಾತು ಬೈಲಿಲ್ಲ ಕಣವ್ವ. ಬೈದಿದ್ರೆ ಮರ್ತೋಯ್ತಿತ್ತೇನೋ" ಎಂದಿದ್ದರು.

ಈಗ ಅವರಿಗೆ ಅರವತ್ತಾರು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಮೂರಂತಸ್ತಿನ ಮನೆ ಎದ್ದಿದೆ, ಮೇಲೆಲ್ಲ ಬಾಡಿಗೆಯವರು. ಹಿಂದಿನ ಅಂಗಳದಲ್ಲಿ ಎರಡು ಹಸು, ಒಂದು ಕರು. ಬಲಗೈಯಲ್ಲಿ ತುಂಬಿದ ಬಕೆಟ್ಟಿದೆ ಎಂಬಂತೆ ಎಡಭುಜ ಎತ್ತಿ, ಬಲಕ್ಕೆ ವಾಲಿ ನಡೆಯುತ್ತಾರೆ, ಕೈ ಖಾಲಿಯಿದ್ದರೂ ಅಷ್ಟೆ. ಚಿಕ್ಕಣ್ಣನವರ ಕಂದು ಬಣ್ಣದ ಸ್ವೆಟರನ್ನು ಮಾಗಿಯಿಂದ ಯುಗಾದಿಯವರೆಗೆ ಸೀರೆಯ ಮೇಲೆ ತೊಡುತ್ತಾರೆ. ಅದರ ತೋಳು ಅವರ ಬೆರಳ ತುದಿಯವರೆಗೂ ಇಳಿಯುತ್ತದೆ, ಮಡಚುವುದಿಲ್ಲ. ಮಾತು ಯಾವುದೇ ಇರಲಿ, ಕೊನೆಯಲ್ಲಿ "ಏನಾಗ್ತೈತೋ ಏನೋ" ಎಂದು ಸೇರಿಸದೆ ಮುಗಿಸುವುದಿಲ್ಲ. ಮೆಟ್ರೋ ಬಂದ ಹೊಸತರಲ್ಲಿ ದೀಪಾಂಜಲಿ ನಗರದ ನಿಲ್ದಾಣದಲ್ಲಿ ನನ್ನ ಜೊತೆ ನಿಂತು ಮೂರು ರೈಲು ಬಿಟ್ಟರು. "ಬಾಗಿಲು ಯಾರನ್ನೂ ಕೇಳದೆ ಮುಚ್ಚಿಕೊಳ್ತದಲ್ಲ, ನನ್ನ ಸೆರಗು ಸಿಕ್ಕಾಕ್ಕೊಂಡ್ರೆ ಏನಾಗ್ತೈತೋ ಏನೋ" ಎಂದು. ನಾಲ್ಕನೆಯದಕ್ಕೆ ಸೆರಗನ್ನು ಸೊಂಟಕ್ಕೆ ಬಿಗಿದು ನನ್ನ ಕೈ ಹಿಡಿದು ಹಾರಿದರು. ಒಳಗೆ ಕೂತ ಮೇಲೆ, ಹಾರುವಾಗ ನಾನೂ ಜೋರಾಗಿ ಉಸಿರು ಬಿಟ್ಟೆನಂತೆ, ಅದನ್ನು ಹೇಳಿ ನಗಾಡಿದರು.

ಇಂಥವರು ಕಿರ್ಗಿಸ್ತಾನಕ್ಕೆ ಹೋದದ್ದು ಸೊಸೆಯ ದೆಸೆಯಿಂದ. ಬಸವೇಶ್ವರನಗರದಲ್ಲಿ ಯಾತ್ರೆಯ ಆಫೀಸು ಇಟ್ಟಿರುವ ಮಧ್ವೇಶ್ ಮೊದಲು ಕಾಶಿ, ಬದರಿಗೆ ಜನರನ್ನು ಕರೆದೊಯ್ಯುತ್ತಿದ್ದವರು. ಈಗ ಬೇಸಿಗೆಯಲ್ಲಿ ಆ ಬೆಟ್ಟಗಳ ದೇಶಕ್ಕೂ ಹೊರಡಿಸುತ್ತಾರೆ. ನಮ್ಮ ಬಡಾವಣೆಯಿಂದ ಹದಿನಾಲ್ಕು ಮಂದಿ ಹೆಸರು ಕೊಟ್ಟೆವು. ಅದರಲ್ಲಿ ಸೊಸೆ ರಮ್ಯಶ್ರೀಯದೂ ಒಂದು. ಹೊರಡಲು ಎರಡು ತಿಂಗಳಿರುವಾಗ ಅವಳು ಗರ್ಭಿಣಿಯೆಂದು ತಿಳಿಯಿತು. ಡಾಕ್ಟರು ಪ್ರಯಾಣ ಬೇಡವೆಂದರು. ಆ ಜಾಗಕ್ಕೆ ಅತ್ತೆಯೇ ಹೋಗಲೆಂದು ಮಗ ಮಧುಕುಮಾರ್ ಓಡಾಡಿ ಪಾಸ್‌ಪೋರ್ಟ್ ಮಾಡಿಸಿದ. ಇವರು ಕೊನೆಯವರೆಗೂ ಆಗಲ್ಲವೆಂದರು. ನಾನೂ ಹೋಗುತ್ತೇನೆಂದು ತಿಳಿದ ಮೇಲೆ, ಕರುವಿನ ಹಗ್ಗವನ್ನು ದಿನಕ್ಕೆ ಎರಡು ಸಲ ಮುಟ್ಟಿ ನೋಡುವುದಾಗಿ ಮಗನಿಂದ ದೇವರ ಮುಂದೆ ಆಣೆ ಮಾಡಿಸಿಕೊಂಡು ಹೊರಟರು.

ಹೊರಟ ಮೇಲೆ ದಿನವೂ ಫೋನು. ಸ್ಪೀಕರಿನಲ್ಲೇ ಮಾತಾಡುತ್ತಿದ್ದರು, ಇಡೀ ವ್ಯಾನಿಗೆ ಕೇಳಿಸುತ್ತಿತ್ತು.

"ಹಗ್ಗ ನೋಡಿದ್ಯಾ?"

"ನೋಡ್ದೆ ಅಮ್ಮ. ನಾನು ಹೆಂಗಿದೀನಿ ಅಂತ ಒಂದ್ಸಲನಾದ್ರೂ ಕೇಳಲ್ವಲ್ಲ?"

"ನಿನ್ನ ಯಾರು ಕಟ್ಟಾಕವ್ರೆ? ರಮ್ಯ ಊಟ ಮಾಡಿದ್ಲಾ? ಎಷ್ಟು ಬೆರಳು ಹೋಯ್ತು?"

"ಎರಡು, ಎರಡು! ನಂದು ದಪ್ಪ ಬೆರಳು ಅಮ್ಮ, ಅದೂ ಹೋಯ್ತು."

ನಾಲ್ಕನೆಯ ದಿನ ನಾವು ಒಂದು ಕಮರಿಗೆ ಬಂದೆವು. ಕೆಂಪು ಕಲ್ಲಿನ ದೊಡ್ಡ ದೊಡ್ಡ ಗುಡ್ಡಗಳು ಹೆಗಲಿಗೆ ಹೆಗಲು ತಾಗಿಸಿ ಸಾಲಾಗಿ ನಿಂತಿದ್ದವು. ಅವುಗಳ ಹೆಸರು ಜೆಟಿ-ಒಗುಜ್, ಅಂದರೆ ಏಳು ಎತ್ತು ಎಂದು ಮಧ್ವೇಶ್ ಹೇಳಿದರು. ವೆಂಕಟಲಕ್ಷ್ಮಮ್ಮ ಕಿಟಕಿಯಿಂದ ಬೆರಳಿಟ್ಟು ಎಣಿಸಿದರು. "ಏಳಲ್ಲ ಕಣಪ್ಪ, ಎಂಟವೆ. ಆ ಕೊನೇದು ಕರು ಇರ್ಬೇಕು" ಎಂದರು. ಅಲ್ಲಿಂದ ಮುಂದೆ ದಾರಿ ಹೊಳೆಯ ಪಕ್ಕದಲ್ಲೇ ಏರುತ್ತ ಹೋಯಿತು. ಎರಡೂ ಕಡೆ ಬಂಡೆ, ನೆತ್ತಿಯ ಮೇಲೆ ಒಂದು ಸೀಳು ಆಕಾಶ, ಮರದ ಹಳೆಯ ಸೇತುವೆಗಳು. ಪ್ರತಿ ಸೇತುವೆಗೂ ಇವರು ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಫೋನಿನ ಸಿಗ್ನಲ್ ಹೋಯಿತು. ಅವತ್ತು ಸಂಜೆ ಹಗ್ಗದ ವಿಚಾರಣೆ ಇಲ್ಲವೆಂದು ತಿಳಿದಾಗ ಅವರ ಮುಖ ಸಣ್ಣದಾಯಿತು.

ಕಮರಿ ಮುಗಿದು ಬಯಲು ತೆರೆಯಿತು. ಹುಲ್ಲು, ಹೂವು, ದೂರದಲ್ಲಿ ಹಿಮ. ಬೇಸಿಗೆಯಲ್ಲೂ ಚಳಿ, ಇವರು ಚಿಕ್ಕಣ್ಣನವರ ಸ್ವೆಟರ್ ತೆಗೆದು ತೊಟ್ಟರು. ಬೇಸಿಗೆಯಲ್ಲಿ ದನಕುದುರೆಗಳ ಜೊತೆ ಮೇಲೆ ಬಂದು, ಚಳಿ ಹಿಡಿಯುವ ಹೊತ್ತಿಗೆ ಕೆಳಗಿಳಿಯುವ ಸಂಸಾರಗಳು ಅಲ್ಲಿ ಯುರ್ತ್ ಎಂಬ ಗುಂಡನೆಯ ಕಂಬಳಿಗುಡಾರ ಹಾಕಿಕೊಂಡಿರುತ್ತವೆ. ನಮ್ಮನ್ನು ಇಳಿಸಿಕೊಂಡ ಮನೆಯಾಕೆಯ ಹೆಸರು ಬುರುಲ್. ಐವತ್ತರ ಆಸುಪಾಸು, ಗಾಳಿಗೆ ಒಡೆದ ಕೆನ್ನೆ, ತಲೆಗೆ ಹೂವಿನ ವಸ್ತ್ರ. ಮಾತು ಕಡಿಮೆ. ಅವಳ ಗಂಡ ಕುದುರೆಯಿಂದ ಇಳಿದಿದ್ದನ್ನು ನಾನು ಹೆಚ್ಚು ನೋಡಲಿಲ್ಲ.

ಗುಡಾರದ ಹಿಂದೆ ಒಣಗಿದ ಸಗಣಿಯ ರಾಶಿ ಕಂಡಿದ್ದೇ ವೆಂಕಟಲಕ್ಷ್ಮಮ್ಮ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕರು. ಒಂದು ತುಂಡು ಕೈಗೆತ್ತಿಕೊಂಡು ಮುರಿದು ಮೂಸಿದರು. "ದನದ್ದೇ. ನಮ್ಮ ಬೆರಣಿ ಥರಾನೇ, ತಟ್ಟಿಲ್ಲ ಅಷ್ಟೆ." ಬುರುಲ್ ಅದೇ ಸಗಣಿಯಲ್ಲಿ ಒಲೆ ಹೊತ್ತಿಸಿ ಚಹಾ ಕೊಟ್ಟಳು. ಕುದುರೆಯ ಹಾಲಿನ ಹುಳಿಪಾನಕವನ್ನೂ ಕೊಟ್ಟಳು. ಇವರು ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಯೋಚಿಸಿ, "ಹುಳಿ ಮಜ್ಜಿಗೆಗೆ ಹೊಗೆ ಹಾಕ್ದಂಗೈತೆ" ಎಂದು ಪೂರ್ತಿ ಕುಡಿದರು. ರೊಟ್ಟಿಯನ್ನು ಅರ್ಧ ಮುರಿದು ಮಿಕ್ಕಿದ್ದನ್ನು ಬಟ್ಟೆಯ ಮೇಲೆ ಬೋರಲಾಗಿ ಇಟ್ಟರು. ಆ ದೇಶದವರಲ್ಲಿ ರೊಟ್ಟಿಯನ್ನು ಹಾಗೆ ಇಡಬಾರದು. ಬುರುಲ್ ಏನೂ ಹೇಳದೆ, ಚಹಾ ಬಗ್ಗಿಸುತ್ತಲೇ ಇನ್ನೊಂದು ಕೈಯಿಂದ ಅದನ್ನು ಮೆಲ್ಲಗೆ ಅಂಗಾತ ತಿರುಗಿಸಿದಳು. "ನೋಡಿದ್ಯಾ, ತಪ್ಪು ಅಂತ ಅನ್ನದೆ ತಿದ್ದಿದ್ಲು. ಒಳ್ಳೇ ಮನೇಲಿ ಬೆಳ್ದವ್ಳೆ" ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು.

ಮಾರನೆಯ ಬೆಳಿಗ್ಗೆ ಕುದುರೆಯ ಹಾಲು ಕರೆಯುವುದನ್ನು ನೋಡಿದೆವು. ಎರಡು ಗೂಟಗಳ ನಡುವೆ ನೆಲಕ್ಕೆ ಹತ್ತಿರವಾಗಿ ಒಂದು ಉದ್ದನೆಯ ಹಗ್ಗ ಎಳೆದು, ಅದಕ್ಕೆ ಸಾಲಾಗಿ ಆರು ಮರಿಗಳನ್ನು ಗಿಡ್ಡ ಹಗ್ಗಗಳಿಂದ ಕಟ್ಟಿದ್ದರು. ಮರಿ ಇಲ್ಲಿದ್ದರೆ ತಾಯಿ ದೂರ ಹೋಗುವುದಿಲ್ಲ. ಎರಡು ಗಂಟೆಗೊಮ್ಮೆ ಒಂದೊಂದು ಮರಿಯನ್ನು ತಾಯಿಯ ಬಳಿ ಬಿಟ್ಟು, ಅದು ನಾಲ್ಕು ಗುಟುಕು ಕುಡಿಯುತ್ತಲೇ ಎಳೆದುಕೊಂಡು, ಬುರುಲ್ ಒಂದು ಮೊಣಕಾಲೂರಿ ಕರೆಯುತ್ತಿದ್ದಳು. "ನಮ್ಮಂಗೇ. ಮರಿ ಬಾಯಿ ಹಾಕ್ದೆ ತಾಯಿ ಹಾಲಿಳಿಸಲ್ಲ" ಎಂದು ವೆಂಕಟಲಕ್ಷ್ಮಮ್ಮ ತಲೆದೂಗಿದರು. ಆದರೆ ಕಣ್ಣು ಆ ಗಿಡ್ಡ ಹಗ್ಗಗಳ ಮೇಲೆಯೇ ಇತ್ತು. "ಇಷ್ಟು ಗಿಡ್ಡ ಕಟ್ಟವ್ರಲ್ಲ ಕಣವ್ವ. ತಿರುಗಿದ್ರೆ, ಕಾಲು ಸಿಕ್ಕಾಕ್ಕೊಂಡ್ರೆ, ಏನಾಗ್ತೈತೋ ಏನೋ." ಸಂಜೆಯಾದರೆ ಎಲ್ಲವನ್ನೂ ತಾಯಿಯ ಜೊತೆ ಬಿಟ್ಟುಬಿಡುತ್ತಾರೆ ಎಂದು ಮಧ್ವೇಶ್ ಹೇಳಿದರು. ವೆಂಕಟಲಕ್ಷ್ಮಮ್ಮನವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಹನ್ನೊಂದರ ಹೊತ್ತಿಗೆ ಮಿಕ್ಕವರೆಲ್ಲ ಜಲಪಾತ ನೋಡಲು ನಡೆದರು. ಮಂಡಿನೋವಿನ ನಾವಿಬ್ಬರು ಉಳಿದೆವು. ನಾನು ಗುಡಾರದ ಪಕ್ಕದಲ್ಲಿ ಬಿಸಿಲಿಗೆ ಕೂತು ನಾಮಸ್ಮರಣೆ ಮಾಡುತ್ತಿದ್ದೆ. ಬುರುಲ್ ಒಳಗಿದ್ದಳು, ಗಂಡ ಗುಡ್ಡದಾಚೆ. ಮಧ್ವೇಶ್ ವ್ಯಾನಿನ ಹತ್ತಿರ ಡ್ರೈವರ್ ಜೊತೆ ಮಾತಾಡುತ್ತಿದ್ದರು. "ಅಯ್ಯಯ್ಯೋ" ಎಂಬ ಕೂಗಿಗೆ ಕಣ್ಣು ತೆರೆದೆ. ಸಾಲಿನ ಕೊನೆಯ ಮರಿ, ಬೂದು ಬಣ್ಣದ ಸಣ್ಣದು, ಮಲಗಲು ಹೋಗಿ ಮುಂಗಾಲನ್ನು ಹಗ್ಗದೊಳಗೆ ಸಿಕ್ಕಿಸಿಕೊಂಡಿತ್ತು. ಕೊರಳು ನೆಲಕ್ಕೆ ಜಗ್ಗಿ, ಕಣ್ಣು ಬೆಳ್ಳಗಾಗಿತ್ತು. ವಾಲಿಕೊಂಡು ನಡೆಯುವ ಆ ಹೆಂಗಸು ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ಬೆರಳು ತೂರಿಸಲು ನೋಡಿದರು, ಹೋಗಲಿಲ್ಲ. ಉದ್ದ ಹಗ್ಗದ ಮೇಲಿನ ಗಂಟನ್ನು ಬಿಚ್ಚತೊಡಗಿದರು. ಸಡಿಲ ಮಾಡಿ ಮತ್ತೆ ಕಟ್ಟುವುದೇ ಅವರ ಮನಸ್ಸಿನಲ್ಲಿದ್ದದ್ದು. ಆದರೆ ಅದು ಕರುವಲ್ಲ. ಬಿಡುಗಡೆಯಾದದ್ದೇ ತಡ, ಚಿಮ್ಮಿ ಎದ್ದು, ಹಗ್ಗದ ಸಮೇತ ಹಾರಿತು. ಇಳಿಜಾರಿನಲ್ಲಿದ್ದ ತಾಯಿ ಕೆನೆಯಿತು. ಎರಡೂ ಹೊಳೆ ದಾಟಿ, ಮೇಲಿನ ಕಮರಿಯ ಬಾಯೊಳಗೆ ಹೋಗಿ ಮರೆಯಾದವು.

"ಹಗ್ಗ ಕೊರಳಲ್ಲೇ ಐತೆ" ಎಂದರು ವೆಂಕಟಲಕ್ಷ್ಮಮ್ಮ. ಎಳೆದಾಡುವ ಆ ಹಗ್ಗ ಯಾವ ಬಂಡೆಗೆ, ಯಾವ ಬೇರಿಗೆ ಸಿಕ್ಕುತ್ತದೋ ಎಂದು ನನಗೂ ಭಯವಾಯಿತು.

ಗೊರಸಿನ ಸದ್ದಿಗೆ ಬುರುಲ್ ಹೊರಗೆ ಬಂದಳು, ಗುಡ್ಡದಾಚೆಯಿಂದ ಗಂಡನೂ ಬಂದ. ವ್ಯಾನಿನ ಬಳಿಯಿಂದಲೇ ಎಲ್ಲ ನೋಡಿದ್ದ ಮಧ್ವೇಶ್ ಅಷ್ಟರಲ್ಲಿ ಓಡಿ ಬಂದು, ಇವರು ಬಾಯಿ ತೆರೆಯುವ ಮೊದಲೇ, ತಮ್ಮ ಅರೆಬರೆ ರಷ್ಯನ್ನಿನಲ್ಲಿ ಏನೋ ಹೇಳಿದರು. ಗಂಡ ಬುರುಲ್ ಕಡೆ ತಿರುಗಿ ಗಟ್ಟಿಯಾಗಿ ನಾಲ್ಕು ಮಾತಾಡಿದ. ಅವಳು ತಲೆ ತಗ್ಗಿಸಿದಳು. ಅವನು ಕುದುರೆ ಹೊರಡಿಸಿಕೊಂಡು ಹೋದ.

"ಏನಂದೆ ಕಣಪ್ಪ ಅವ್ರಿಗೆ?"

"ಗಂಟು ತಾನಾಗೇ ಜಾರಿತು ಅಂದೆ ಅಮ್ಮಾ. ನಿಮಗೋಸ್ಕರ. ವರ್ಷಕ್ಕೆ ನಾಲ್ಕು ಗ್ರೂಪ್ ಇಲ್ಲಿಗೇ ಕರ್ಕೊಂಡು ಬರ್ತೀನಿ. ನಮ್ಮೋರು ಬಿಚ್ಚಿದ್ರು ಅಂದ್ರೆ ಇನ್ಮೇಲೆ ಯಾರನ್ನ ಸೇರಿಸ್ತಾರೆ? ನೀವು ಏನೂ ಮಾಡಿಲ್ಲ, ಆಯ್ತಾ?"

ಇಲ್ಲಿ ಒಂದು ಮಾತು ಇದ್ದ ಹಾಗೆ ಬರೆಯಬೇಕು. ವೆಂಕಟಲಕ್ಷ್ಮಮ್ಮ "ಸದ್ಯ" ಎಂದರು. ಎದೆಯ ಮೇಲೆ ಕೈಯಿಟ್ಟು ಕೂತರು, ಬುರುಲ್ ಕೊಟ್ಟ ಚಹಾ ಕುಡಿದರು. ನಾನೂ ಸದ್ಯ ಎಂದುಕೊಂಡೆ. ಪರದೇಶದಲ್ಲಿ ವಯಸ್ಸಾದವರೊಬ್ಬರ ತಲೆಯ ಮೇಲಿನ ಭಾರ ಇಳಿಯಿತಲ್ಲ ಎಂದು ದೇವರಿಗೆ ಕೈಮುಗಿದೆ. ಮರಿ ಸಿಕ್ಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬುದು ನಮ್ಮಿಬ್ಬರ ಎಣಿಕೆ.

ಒಂದು ಗಂಟೆಯ ಮೇಲೆ ಬುರುಲ್ ಮರಿಗಳ ಸಾಲಿನ ಬಳಿ ಹೋದಳು. ಮಿಕ್ಕ ಐದೂ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಒಂದನ್ನು ಬಿಚ್ಚಿ ಕಟ್ಟಿ, ಎರಡು ಹೆಜ್ಜೆ ಹೋಗಿ, ಹಿಂದಿರುಗಿ ಬಂದು ಅದನ್ನೇ ಇನ್ನೊಮ್ಮೆ ಎಳೆದಳು. ಆಮೇಲೆ ತನ್ನ ಅಂಗೈಗಳನ್ನು ನೋಡುತ್ತ ನಿಂತಳು. ವೆಂಕಟಲಕ್ಷ್ಮಮ್ಮ ಚಹಾದ ಬಟ್ಟಲು ಕೆಳಗಿಟ್ಟರು.

"ನೋಡವ್ವ. ಆಯಮ್ಮ ತನ್ನ ಕೈನೇ ನಂಬ್ತಾ ಇಲ್ಲ."

ಎದ್ದು ಹೋಗಿ, ಬಿಚ್ಚಿದ್ದು ತಾನೇ ಎಂದು ಸನ್ನೆಯಲ್ಲಿ ತೋರಿಸಲು ನೋಡಿದರು. ಗಾಳಿಯಲ್ಲಿ ಗಂಟು ಬಿಚ್ಚಿದರು, ಎದೆ ತಟ್ಟಿಕೊಂಡರು. ಬುರುಲಳಿಗೆ ಅದು ಪರರ ಸಂಕಟಕ್ಕೆ ಮರುಗುವ ಮುದುಕಿಯಂತೆ ಕಂಡಿರಬೇಕು. ಸ್ವೆಟರಿನ ತೋಳು ಮುಚ್ಚಿದ್ದ ಆ ಕೈಗಳನ್ನು ಹಾಗೇ ಹಿಡಿದು, ಚಳಿಯಾಗಿದೆಯೇನೋ ಎಂಬಂತೆ ಉಜ್ಜಿ, ಒಳಗೆ ಕರೆತಂದು ಒಲೆಯ ಬಳಿ ಕೂರಿಸಿದಳು. ಇವರು ಮಧ್ವೇಶರನ್ನು ಹುಡುಕಿಕೊಂಡು ಹೋದರು. "ನನ್ನ ಬಾಯಿ ಅವ್ಳಿಗೆ ಅರ್ಥ ಆಗಲ್ಲ. ನೀನೇ ಹೇಳ್ಬೇಕು ಕಣಪ್ಪ." "ಮೊದಲು ಮರಿ ಸಿಗಲಿ ಅಮ್ಮಾ" ಎಂದು ಅವರು ತಪ್ಪಿಸಿಕೊಂಡರು. ಇನ್ನೊಮ್ಮೆ ಕೇಳಿದಾಗ ವ್ಯಾನಿನ ಚಕ್ರ ನೋಡುವಂತೆ ಬಗ್ಗಿದರು.

ಜಲಪಾತದಿಂದ ಮರಳಿದವರು ನಾಲ್ಕಕ್ಕೆ ಹೊರಡಬೇಕಿತ್ತು. ಕಮರಿಯ ಮೇಲೆ ಮೋಡ ಕವಿಯುತ್ತಿತ್ತು. "ಒಂದು ಕುದುರೆಮರಿಗೆ ಹದಿನಾಲ್ಕು ಜನ ಕಾಯ್ಬೇಕಾ?" ಎಂದು ಯಾರೋ ಗೊಣಗಿದರು. ವೆಂಕಟಲಕ್ಷ್ಮಮ್ಮ ಹೊಳೆಯ ಅಂಚಿನಲ್ಲಿ, ಎಡಭುಜ ಎತ್ತಿಕೊಂಡು, ಕಮರಿಯ ಬಾಯಿ ನೋಡುತ್ತ ನಿಂತವರು ಕದಲಲಿಲ್ಲ. ಊಟ ಮುಟ್ಟಲಿಲ್ಲ. ನಾನು ಪಕ್ಕದಲ್ಲಿ ನಿಂತು ನಾಮ ಹೇಳುತ್ತಿದ್ದೆ. ಅರ್ಧದಲ್ಲಿ ಎಣಿಕೆ ತಪ್ಪುತ್ತಿತ್ತು.

ಐದೂವರೆಗೆ ಮೊದಲು ಗೊರಸಿನ ಸದ್ದು, ಆಮೇಲೆ ಸವಾರ. ಅವನ ಹಿಂದೆ ತಾಯಿಕುದುರೆ, ಅದರ ಪಕ್ಕೆಗೆ ಒತ್ತಿಕೊಂಡು ಮರಿ. ಮುಂಗಾಲಿನ ಮಂಡಿ ತರಚಿ ಕುಂಟುತ್ತಿತ್ತು. ಹಗ್ಗ ಕಲ್ಲಿಗೆ ಸಿಕ್ಕಿ ಅರ್ಧ ಹರಿದಿತ್ತು. ಬುರುಲ್ ಓಡಿ ಹೋಗಿ ಅದರ ಕೊರಳನ್ನು ತಬ್ಬಿದಳು. ಗಂಡ ಮೇಲಿನಿಂದಲೇ ಮತ್ತೆ ಏನೋ ಅಂದ. ಈ ಸಲ ನಗುತ್ತ ಅಂದ, ಕಟ್ಟುವುದನ್ನು ಹೊಸದಾಗಿ ಕಲಿಸಬೇಕೇನೋ ಎಂಬಂತೆ ಬೆರಳಿಂದ ಗಂಟು ಹಾಕಿ ತೋರಿಸಿದ. ಅಲ್ಲಿದ್ದವರು ನಕ್ಕರು. ಬುರುಲ್ ನಗಲಿಲ್ಲ.

ಮಧ್ವೇಶ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ವ್ಯಾನಿಗೆ ಹತ್ತಿಸಿದರು. ವೆಂಕಟಲಕ್ಷ್ಮಮ್ಮ ಬಾಗಿಲ ಬಳಿ ನಿಂತರು.

"ನಾನೇ ಬಿಚ್ಚಿದ್ದು ಅಂತ ಹೇಳು."

"ಅಮ್ಮಾ, ಮರಿ ಬಂತು, ಎಲ್ಲಾ ಮುಗೀತು. ಈಗ್ಯಾಕೆ ಕೆದಕೋದು? ಈಗ ಹೇಳಿದ್ರೆ ಸುಳ್ಳ ಆಗೋನು ನಾನು."

"ನೀನು ಸರಿಯಾಗಿ ನೋಡಿರಲಿಲ್ಲ ಅಂತ ಹೇಳ್ಕೋ. ನಿಂದು ನೀನು ನೋಡ್ಕೋ. ನಂದು ಮಾತ್ರ ಇದ್ದಂಗೆ ಹೇಳು. ಹೇಳೋಗಂಟ ನಾನು ಗಾಡಿ ಹತ್ತಲ್ಲ."

ಮೆಟ್ರೋ ಬಾಗಿಲಿಗೆ ಹೆದರುವ, ಮರದ ಸೇತುವೆಗೆ ಕಣ್ಣು ಮುಚ್ಚುವ ಈ ಹೆಂಗಸು ಬೆಟ್ಟಗಳ ನಡುವೆ ಒಬ್ಬರೇ ಉಳಿದುಬಿಡಲು ಸಿದ್ಧರಾಗಿದ್ದರು. ಅವರ ಮುಖ ನೋಡಿ ನಾನೂ ಕೆಳಗಿಳಿದೆ. ಇಂಥವರನ್ನು ನಾವು ಅಂಜುಬುರುಕರೆಂದು ಕರೆದು ಒಳಗೊಳಗೇ ನಗುತ್ತೇವೆ. ಬಾಯಿಲ್ಲದ ಜೀವಗಳನ್ನು ಸಾಕಿಕೊಂಡೇ ಆಯುಷ್ಯ ಕಳೆದವರಿಗೆ ಅಂಜಿಕೆಯೇ ಕೆಲಸ. ಕರು ತನಗೆ ಉಸಿರು ಕಟ್ಟುತ್ತಿದೆಯೆಂದು ಹೇಳಲಾರದು, ಅದರ ಪರವಾಗಿ ಇವರು ಮೊದಲೇ ಹೆದರಿರಬೇಕು. ಹೀಗೆ ವರ್ಷಗಟ್ಟಲೆ ಹೆದರಿ ಹೆದರಿ, ತನ್ನ ಪರವಾಗಿ ಏನು ಹೇಳಬೇಕೆಂದು ತಿಳಿಯದೆ ನಿಂತವರು ಎಲ್ಲೇ ಕಂಡರೂ, ಮನುಷ್ಯರೇ ಆಗಲಿ, ಭಾಷೆಯೇ ಬಾರದ ದೇಶದವರೇ ಆಗಲಿ, ಅವರನ್ನು ಹಾಗೆಯೇ ಬಿಟ್ಟು ಬರುವುದು ಇವರಿಂದ ಆಗದು. ನಮ್ಮ ಬೀದಿಗಳಲ್ಲಿ ಇಂಥವರು ಇನ್ನೂ ಇದ್ದಾರೆ. ಬೇರೆಲ್ಲದಕ್ಕೂ ಹೆದರುತ್ತಾರೆ, ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದೊಂದಕ್ಕೆ ಹೆದರುವುದಿಲ್ಲ.

ಮಧ್ವೇಶ್ ಬೇರೆ ದಾರಿಯಿಲ್ಲದೆ ಹೇಳಿದರು. ಗಂಡ ಕುದುರೆಯಿಂದ ಇಳಿದು, ಇವರನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಬುರುಲ್ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಆ ಎರಡು ದಿನದಲ್ಲಿ ಆಡದಷ್ಟು ಮಾತಾಡಿದಳು. ಕೇಳುತ್ತ ಕೇಳುತ್ತ ಮಧ್ವೇಶರ ಮುಖ ಅರಳಿತು.

"ನೋಡಿ ಅಮ್ಮಾ, ಅವ್ರೇ ಹೇಳ್ತಿದ್ದಾರೆ. ನೀವು ಅತಿಥಿ, ಹಿರಿಯರು, ನಿಮ್ಮ ಮೇಲೆ ತಪ್ಪು ಹಾಕಲ್ವಂತೆ. ತಾನು ಸಡಿಲ ಕಟ್ಟಿದ್ದಕ್ಕೇ ನಿಮ್ಮ ಕೈಗೆ ಬಿಚ್ಚಿಕೊಂಡು ಬಂತು, ತನ್ನ ಹೆಸರಿನ ಮೇಲೇ ಇರಲಿ ಅಂತಾರೆ. ಇನ್ನೇನು ಬೇಕು? ಹತ್ತಿ."

ವೆಂಕಟಲಕ್ಷ್ಮಮ್ಮ ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿ ಬಲಗೈ ಚಾಚಿದರು. ತೋರುಬೆರಳಿನ ಉಗುರು ಬುಡದವರೆಗೆ ಕಿತ್ತು, ರಕ್ತ ಕಪ್ಪಾಗಿ ಒಣಗಿತ್ತು.

"ಬೇಡ ಅಂತ ಹೇಳಪ್ಪ. ಆ ಗಂಟು ಸಡಿಲ ಇರ್ಲಿಲ್ಲ. ಬಿಚ್ಚೋಕೆ ನನ್ನ ಉಗುರೇ ಕಿತ್ತೋಯ್ತು. ಆಯಮ್ಮನ ಗಂಡಂಗೆ ಕೇಳಂಗೆ ಹೇಳು."